ಎರಡು ವರ್ಷ ಚಿಕ್ಕವಳು

ದೇವಿರಮ್ಮನಿಗೆ ಪಿಂಚಣಿ ಬರದೆ ಮೂರು ತಿಂಗಳಾಗಿತ್ತು. ಮೊದಲನೇ ತಿಂಗಳು ದಸರಾ ಗಲಾಟೆ, ತಡವಾಗಿರಬೇಕು ಅಂದುಕೊಂಡು ಸುಮ್ಮನಾದಳು. ಎರಡನೇ ತಿಂಗಳು ಬ್ಯಾಂಕಿನವರು ಪಾಸ್‌ಬುಕ್ಕನ್ನು ಯಂತ್ರದ ಬಾಯಿಗೆ ಕೊಟ್ಟು ತೆಗೆದು, ಮೇಲಿನಿಂದಲೇ ಬಂದಿಲ್ಲ ಕಣಮ್ಮ ಎಂದರು. ಈ ಮೇಲೆ ಅನ್ನುವ ಜಾಗ ಎಲ್ಲಿದೆಯೋ, ಅಲ್ಲಿ ಯಾರು ಕೂತಿರುತ್ತಾರೋ, ಕುಂಬಾರಕೊಪ್ಪಲಿನಲ್ಲಿ ಕಂಡವರು ಒಬ್ಬರೂ ಇಲ್ಲ. ಕೊಡುವಾಗ ಮಾತ್ರ ಅವರೆಲ್ಲ ಕೆಳಗೇ ಇದ್ದರು. ಚುನಾವಣೆಗೆ ಮುಂಚೆ ಶಾಮಿಯಾನ ಹಾಕಿಸಿ, ಮೈಕು ಕಟ್ಟಿಸಿ, ವಯಸ್ಸಾದವರನ್ನೆಲ್ಲ ಕುರ್ಚಿ ಮೇಲೆ ಕೂರಿಸಿ, ಆರ್ಡರ್ ಕಾಗದ ಕೈಗಿಡುವಾಗ ಫೋಟೋ ಹಿಡಿಸಿಕೊಂಡಿದ್ದರು. ಆ ಫೋಟೋದಲ್ಲಿ ದೇವಿರಮ್ಮ ಹಲ್ಲು ಕಾಣುವ ಹಾಗೆ ನಕ್ಕಿದ್ದಾಳೆ. ನಗದೆ ಇನ್ನೇನು ಮಾಡುತ್ತಾಳೆ?

ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಎಂದರೆ ಕೆಲವರಿಗೆ ಒಂದು ಹೊತ್ತಿನ ಹೋಟೆಲ್ ಬಿಲ್ಲು. ದೇವಿರಮ್ಮನಿಗೆ ಅದು ನಿವೃತ್ತಿ. ಮೂವತ್ತು ವರ್ಷ ಕೃಷ್ಣಮೂರ್ತಿಪುರಂನ ಮನೆಗಳಲ್ಲಿ ಮುಸುರೆ ತಿಕ್ಕಿ ಅವಳ ಮಂಡಿ ಎರಡೂ ಸವೆದುಹೋಗಿದ್ದವು. ಕುಕ್ಕರಗಾಲಲ್ಲಿ ಕೂತರೆ ಏಳಲು ಗೋಡೆ ಬೇಕು. ಪಿಂಚಣಿ ಕೈಗೆ ಬಂದ ತಿಂಗಳೇ ಎಲ್ಲ ಮನೆಗಳಿಗೂ ಕೈಮುಗಿದು ಕೆಲಸ ಬಿಟ್ಟಿದ್ದಳು. ಆಮೇಲೆ ಕೆಲವೇ ತಿಂಗಳಿಗೆ ಗಂಡ ಸಿದ್ದರಾಜುವಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಆಪರೇಷನ್ನು ಸರ್ಕಾರದ ಕಾರ್ಡಿನಲ್ಲಿ ಆಯಿತು, ಆದರೆ ಪ್ರತಿ ತಿಂಗಳ ಮಾತ್ರೆ ಯಾವ ಕಾರ್ಡಿನಲ್ಲೂ ಇರಲಿಲ್ಲ. ಮಗ ಪ್ರಸಾದ್ ಆಟೋ ಓಡಿಸಿ ಮನೆ ಬಾಡಿಗೆ, ಅಕ್ಕಿ, ಮಕ್ಕಳ ಸ್ಕೂಲು ಎಲ್ಲ ನೋಡಿಕೊಳ್ಳುತ್ತಿದ್ದ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಸೊಸೆ ಕುಸುಮಳ ಹೆಸರಿತ್ತು, ಆ ಲೆಕ್ಕದ ಎರಡು ಸಾವಿರ ಅವಳ ಖಾತೆಗೆ ಬಂದ ಹಾಗೇ ಸ್ಕೂಲ್ ಫೀಜಿಗೆ ಹೋಗುತ್ತಿತ್ತು. ಗಂಡನ ಮಾತ್ರೆ ಮಾತ್ರ ದೇವಿರಮ್ಮನ ಪಿಂಚಣಿಯದು. ಅದರಲ್ಲಿ ಅವಳಿಗೊಂದು ಹೆಮ್ಮೆಯೂ ಇತ್ತು.

ಮೂರನೇ ತಿಂಗಳು ನಾಡಕಚೇರಿಗೆ ಹೋದಳು. ಅಲ್ಲಿ ಪಿಂಚಣಿ ವಿಷಯ ನೋಡಿಕೊಳ್ಳುವವನು ರವಿಚಂದ್ರ ಎಂಬ ಯುವಕ. ಸಾಲಿನಲ್ಲಿ ನಿಂತಿದ್ದ ಮುದುಕ ಮುದುಕಿಯರಿಗೆಲ್ಲ ಒಂದೇ ಮಾತನ್ನು ಹೇಳಿ ಹೇಳಿ ಅವನ ಗಂಟಲು ಕಟ್ಟಿತ್ತು. ಇಡೀ ರಾಜ್ಯದ ಪಿಂಚಣಿ ಪಟ್ಟಿಯನ್ನು ಆಧಾರ್ ಜೊತೆ ತಾಳೆ ನೋಡುತ್ತಿದ್ದಾರಂತೆ, ವಯಸ್ಸು ಹೊಂದದ ಹೆಸರುಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದಾರಂತೆ, ಬೊಕ್ಕಸಕ್ಕೆ ಭಾರವಾಗಿದೆಯಂತೆ. ಸುಳ್ಳು ವಯಸ್ಸು ಹೇಳಿ ತಿನ್ನುತ್ತಿದ್ದವರೂ ಇದ್ದರು, ಇಲ್ಲವೆನ್ನುವ ಹಾಗಿಲ್ಲ. ಆದರೆ ಜರಡಿ ಹಿಡಿದವರಿಗೆ ಕಾಳು ಯಾವುದು ಹೊಟ್ಟು ಯಾವುದು ಅಂತ ನೋಡುವ ಪುರುಸೊತ್ತಿರಲಿಲ್ಲ. ದೇವಿರಮ್ಮನಿಗೆ ಆಧಾರ್ ಪ್ರಕಾರ ಅರವತ್ತೆರಡು, ಪಿಂಚಣಿಗೆ ಅರವತ್ತೈದಾಗಬೇಕು, ಇನ್ನು ಮೂರು ವರ್ಷ ಬಿಟ್ಟು ಬನ್ನಿ ಎಂದು ರವಿಚಂದ್ರ ಹೇಳಿದ.

ದೇವಿರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲ ಕಣಪ್ಪ, ನನ್ನ ಗಂಡಂಗೇ ಅರವತ್ನಾಲ್ಕು. ನಂಗೆಂಗೆ ಅರವತ್ತೆರಡಾದದು?"

ಹೇಳಿ ಮುಗಿಯುವುದರೊಳಗೆ ಅವಳು ನಾಲಿಗೆ ಕಚ್ಚಿಕೊಂಡಳು. ರವಿಚಂದ್ರ ಕಂಪ್ಯೂಟರಿನಿಂದ ತಲೆಯೆತ್ತಿದ.

"ಹಂಗಾದ್ರೆ ನೀವು ಯಜಮಾನರಿಗಿಂತ ದೊಡ್ಡೋರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೇವಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಡುಗ ಕೆಟ್ಟವನಲ್ಲ, ಅವನಿಗೆ ಅದರಲ್ಲೊಂದು ದಾರಿ ಕಂಡಿತ್ತು. ಯಜಮಾನರ ಹತ್ತಿರ ಸ್ಕೂಲ್ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿದ. ಇತ್ತು, ಸಿದ್ದರಾಜು ಏಳನೇ ಕ್ಲಾಸಿನವರೆಗೆ ಓದಿದವನು. ಹಳೇ ಅರ್ಜಿಯ ಲೆಕ್ಕಕ್ಕೆ ನಿಮಗೆ ಅರವತ್ತಾರು, ಅವರ ವಯಸ್ಸಿಗೂ ದಾಖಲೆಯಿರುವಾಗ, ಹೆಂಡತಿ ತನಗಿಂತ ಎರಡು ವರ್ಷ ದೊಡ್ಡವಳು ಎಂದು ಅವರೇ ಬಾಯಿಬಿಟ್ಟು ಹೇಳಿದರೆ ತಾನು ಹಾಗೇ ವರದಿ ಬರೆಯುತ್ತೇನೆ, ಗುರುವಾರ ನಿಮ್ಮ ಬೀದಿಗೇ ಬರುತ್ತೇನೆ ಎಂದ. ಬೇರೆ ಯಾರಾದರೂ ಆಗಿದ್ದರೆ ಅವನ ಕೈ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದೇವಿರಮ್ಮ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತುಬಿಟ್ಟಳು.

ಅವಳಿಗಾದ ದಿಗಿಲು ತಿಳಿಯಬೇಕಾದರೆ ನಂಜನಗೂಡು ಕಡೆಯ ಅವಳ ಹಳ್ಳಿಗೆ ಹೋಗಬೇಕು. ದೇವಿರಮ್ಮ ತೊಟ್ಟಿಲಲ್ಲಿದ್ದಾಗಲೇ ಸೋದರತ್ತೆ ಬಂದು, ನನಗೊಂದು ಗಂಡುಮಗುವಾದರೆ ಅಣ್ಣನ ಮಗಳನ್ನೇ ತಂದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ಗಂಡುಮಗು ಆಯಿತು, ಎರಡು ವರ್ಷ ಬಿಟ್ಟು. ಅದೇ ಸಿದ್ದರಾಜು. ಅತ್ತೆ ತವರಿಗೆ ಬಂದಾಗಲೆಲ್ಲ ಮೂಗು ಸೋರುವ ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೀದಿ ಸುತ್ತಿಸಿದವಳು ಇದೇ ದೇವಿರಮ್ಮ. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಆ ಅತ್ತೆ. ಆದರೆ ಹೆಣ್ಣು ಗಂಡಿಗಿಂತ ದೊಡ್ಡವಳಾದರೆ ಗಂಡಿನ ಆಯಸ್ಸು ಕಮ್ಮಿ ಅನ್ನುವ ಮಾತು ಊರಲ್ಲೆಲ್ಲ ಇತ್ತಲ್ಲ! ಅದಕ್ಕೆ ಹಿರಿಯರು ಕೂತು ಒಂದು ಉಪಾಯ ಮಾಡಿದರು. ಜಾತಕವಂತೂ ಇರಲಿಲ್ಲ, ಹುಡುಗಿಯ ವಯಸ್ಸನ್ನು ನಾಲ್ಕು ವರ್ಷ ಇಳಿಸಿಬಿಟ್ಟರು. ಚಪ್ಪರದ ದಿನ ಅತ್ತೆ ಅವಳನ್ನು ಅಡುಗೆಮನೆ ಮೂಲೆಗೆ ಕರೆದು ದೀಪದ ಮುಂದೆ ನಿಲ್ಲಿಸಿ ಹೇಳಿದ್ದಳು: "ಇವತ್ತಿಂದ ನೀನು ಅವನಿಗಿಂತ ಎರಡು ವರ್ಷ ಚಿಕ್ಕೋಳು. ಬಾಯಿತಪ್ಪಿ ಇನ್ನೊಂದು ಮಾತು ಬಂದ್ರೆ ನನ್ನ ಮಗನ ಆಯಸ್ಸು ನೀನೇ ಕಡಿದಂಗೆ."

ನಗುವವರು ನಗಲಿ. ಇಪ್ಪತ್ತೆರಡರ ಹುಡುಗಿಗೆ ದೀಪದ ಮುಂದೆ ಹಾಗೆ ಹೇಳಿದರೆ ಅದು ಮೂಳೆಗಿಳಿಯುತ್ತದೆ. ರೇಷನ್ ಕಾರ್ಡಿನವರು ಬಂದಾಗ ದೇವಿರಮ್ಮ ಚಿಕ್ಕವಳಾಗಿಯೇ ಬರೆಸಿದಳು. ಆಧಾರ್‌ನವರು ಆ ಕಾರ್ಡನ್ನೇ ನೋಡಿಕೊಂಡರು. ನಾಲ್ಕು ದಶಕ ಅವಳು ನಿಜವಾದ ವಯಸ್ಸನ್ನು ಒಬ್ಬರಿಗೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಸಲ, ಪಿಂಚಣಿಗೆಂದು ಆರೋಗ್ಯ ಕೇಂದ್ರಕ್ಕೆ ಹೋದಾಗ. ಡಾಕ್ಟರು ಅವಳ ಹಲ್ಲು, ಕಣ್ಣು, ಮಂಡಿ ನೋಡಿ ಎಷ್ಟಮ್ಮ ಎಂದು ಕೇಳಿದರು. ಡಾಕ್ಟರ ಹತ್ತಿರ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡು, ಅರವತ್ತೈದು ಎಂದು ಪಿಸುಗುಟ್ಟಿದ್ದಳು. ಆಗ ಆ ಸರ್ಟಿಫಿಕೇಟ್ ನಡೆಯಿತು, ಪಿಂಚಣಿಯೂ ಬಂತು. ಮಳೆಗಾಲ ಮುಗಿಯುವುದರೊಳಗೆ ಸಿದ್ದರಾಜು ಎದೆ ಹಿಡಿದುಕೊಂಡು ಕುಸಿದ. ಬೀಡಿಯಿಂದ ಅಂದರು ಡಾಕ್ಟರು. ದೇವಿರಮ್ಮನಿಗೆ ಮಾತ್ರ ಯಾತರಿಂದ ಅಂತ ಚೆನ್ನಾಗಿ ಗೊತ್ತಿತ್ತು. ಈಗ ಎರಡನೇ ಸಲ ಬಾಯಿತಪ್ಪಿತ್ತು, ಅದೂ ಹತ್ತಾರು ಜನರ ಎದುರಿಗೆ.

ಆ ದಿನ ಸಂಜೆ ಸಿದ್ದರಾಜು ಮುದ್ದೆ ನುಂಗುವಾಗ ಒಂದು ಸಲ ಕೆಮ್ಮಿದ. ಅವಳ ಕೈಯಲ್ಲಿದ್ದ ಸಾರಿನ ಸೌಟು ನೆಲಕ್ಕೆ ಬಿತ್ತು. ಏನಾಯ್ತೆ ನಿಂಗೆ ಎಂದು ಅವನು ಗದರಿದ. ಏನೂ ಇಲ್ಲ, ಕೈ ಜಾರಿತು ಎಂದಳು.

ಮಾರನೇ ದಿನ ಅವಳು ಕೃಷ್ಣಮೂರ್ತಿಪುರಂಗೆ, ತಾನು ಬಹಳ ವರ್ಷ ದುಡಿದ ಕಮಲಮ್ಮನವರ ಮನೆಗೆ ಹೋದಳು. ಅವರ ಯಜಮಾನರು ಅಶ್ವತ್ಥರು ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು, ಕಾನೂನು ಬಲ್ಲವರು. ಅವರು ಪೇಪರ್ ಮಡಿಸಿಟ್ಟು, ವಯಸ್ಸಿನ ಗುಟ್ಟೊಂದನ್ನು ಬಿಟ್ಟು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಸರ್ಕಾರದ ಕಷ್ಟ ಬಿಡಿಸಿ ಹೇಳಿದರು. ಬರುವ ರೂಪಾಯಿಯಲ್ಲಿ ಸಂಬಳಕ್ಕೆಷ್ಟು, ಬಡ್ಡಿಗೆಷ್ಟು, ಪಿಂಚಣಿಗೆಷ್ಟು, ಗ್ಯಾರಂಟಿಗೆಷ್ಟು. ಹೀಗೇ ಎಲ್ಲರಿಗೂ ಕೊಡುತ್ತಾ ಹೋದರೆ ರಾಜ್ಯ ದಿವಾಳಿಯೇ ಸರಿ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಐವತ್ತೆಂಟಕ್ಕೇ ನಿವೃತ್ತರಾಗಿ ಇಪ್ಪತ್ತೊಂದು ವರ್ಷದಿಂದ ಪಿಂಚಣಿ ತೆಗೆದುಕೊಳ್ಳುತ್ತಾ, ಎಂಬತ್ತು ತುಂಬಿದರೆ ಇನ್ನೂ ಜಾಸ್ತಿಯಾಗುತ್ತದೆ ಎಂದು ಕ್ಯಾಲೆಂಡರ್ ನೋಡುತ್ತಿದ್ದವರ ಬಾಯಲ್ಲಿ ಆ ಕತ್ತರಿ ಬಹಳ ಸಲೀಸಾಗಿ ಆಡಿತು. ದೇವಿರಮ್ಮನಿಗೆ ಇದೆಲ್ಲ ಹೊಳೆಯಲಿಲ್ಲ, ಹೌದು ಸಾರ್ ಎಂದು ತಲೆಯಾಡಿಸಿದಳು. ಕೊನೆಗೆ ಅವರು ಒಂದು ಉಪಕಾರದ ಮಾತನ್ನೂ ಹೇಳಿದರು. ಗಂಡನ ಹೇಳಿಕೆ ಕೊಡಿಸು, ಬೇರೆ ದಾರಿಯಿಲ್ಲ, ಗುರುವಾರ ಬಿಟ್ಟರೆ ಆಮೇಲೆ ಅಲೆದು ಅಲೆದು ಸಾಯಬೇಕು ಎಂದರು.

ಕಮಲಮ್ಮ ಕಾಫಿ ಕೊಟ್ಟು, ಈಗಿನವಳು ದಿನ ಬಿಟ್ಟು ದಿನ ಬರುತ್ತಾಳೆ, ಪಿಂಚಣಿ ನಿಂತಿದ್ದರೆ ನೀನೇ ಬಾಮ್ಮ ಎಂದರು. ಆ ಮಾತಿನಲ್ಲಿ ಪ್ರೀತಿಯೂ ಇತ್ತು, ಅನುಕೂಲವೂ ಇತ್ತು. ಹಿತ್ತಲಲ್ಲಿ ಆ ದಿನದ ಪಾತ್ರೆ ಹಾಗೇ ಬಿದ್ದಿದ್ದವು. ಬಂದದ್ದು ಬಂದೆ, ಎರಡು ತಿಕ್ಕಿಕೊಟ್ಟು ಹೋಗೋಣ ಎಂದು ದೇವಿರಮ್ಮ ಕೂತಳು. ಮುಗಿಸಿ ಏಳಲು ಹೋದರೆ ಮಂಡಿ ಹಿಡಿದುಕೊಂಡು, ಕಮಲಮ್ಮನೇ ಬಂದು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಅವಳಿಗೆ ನಾಚಿಕೆಯಲ್ಲಿ ಕಣ್ಣು ತುಂಬಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತನ್ನ ಮನಸ್ಸಿನ ಜೊತೆ ನ್ಯಾಯಕ್ಕೆ ಕೂತಳು. ಹೇಳಿದರೆ ಗಂಡನ ಆಯಸ್ಸಿಗೆ ಕುತ್ತು. ಹೇಳದಿದ್ದರೆ ಮಾತ್ರೆಯಿಲ್ಲ, ಮಾತ್ರೆಯಿಲ್ಲದಿದ್ದರೂ ಆಯಸ್ಸಿಗೆ ಕುತ್ತೇ. ಎರಡೂ ಕಡೆ ಅದೇ ಗತಿಯಾದ ಮೇಲೆ ಹೇಳಿ ಮಾತ್ರೆ ತರುವುದೇ ವಾಸಿ. ದೀಪದ ಮುಂದೆ ನಿಲ್ಲಿಸಿದ ಅತ್ತೆ ಸತ್ತು ಎಷ್ಟೋ ಕಾಲವಾಯಿತು, ತನ್ನ ಮಂಡಿ ಇನ್ನೂ ಬದುಕಿದೆ. ಗಂಡನಿಗೆ ಹೇಗೂ ಗೊತ್ತಿಲ್ಲ, ಸೊಂಟದ ಮೇಲಿದ್ದ ಕೂಸಿಗೆ ಏನು ನೆನಪಿರುತ್ತದೆ? ಗುರುವಾರ ಆ ಹುಡುಗ ಬಂದ ಕೂಡಲೇ, ಅವನು ಬಾಯಿ ತೆಗೆಯುವ ಮುಂಚೆ ತಾನೇ ಹೇಳಿಬಿಡುವುದು. ಸುಳ್ಳನ್ನು ಹೊತ್ತವಳು ತಾನು, ಇಳಿಸಬೇಕಾದವಳೂ ತಾನೇ ಎಂದು ಗಟ್ಟಿ ಮಾಡಿಕೊಂಡಳು.

ಗುರುವಾರ ರವಿಚಂದ್ರ ಬಂದ. ಕುಸುಮ ಪ್ಲಾಸ್ಟಿಕ್ ಕುರ್ಚಿ ಹಾಕಿ ಟೀ ಕೊಟ್ಟಳು. ಸಿದ್ದರಾಜು ಮಂಚದ ಮೇಲೆ ಕೂತಿದ್ದ. ಅವನು ಮೇಸ್ತ್ರಿಯಾಗಿದ್ದವನು, ಈ ಊರಿನ ಎಷ್ಟೋ ಮನೆಗಳಿಗೆ ಮಟ್ಟಗೋಲು ಹಿಡಿದವನು. ಹೊರಗಿನವರು ಬಂದರೆ ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ದೇವಿರಮ್ಮ ಬಾಗಿಲ ಹತ್ತಿರ ನಿಂತು ಬಾಯಿ ತೆರೆಯಬೇಕು, ಅಷ್ಟರಲ್ಲಿ ರವಿಚಂದ್ರ ಕೈ ಅಡ್ಡ ಮಾಡಿದ. ಮೊದಲು ಯಜಮಾನರ ಹೇಳಿಕೆ, ಅವರ ಬಾಯಿಂದಲೇ ಬರಬೇಕು, ನೀವು ಹೇಳಿಕೊಟ್ಟ ಹಾಗಾಗಬಾರದು ಎಂದ. ಸ್ಕೂಲ್ ಸರ್ಟಿಫಿಕೇಟ್ ನೋಡಿ, ಟ್ಯಾಬಿನಲ್ಲಿ ಅದರ ಫೋಟೋ ಹಿಡಿದು, ಆಮೇಲೆ ಕೇಳಿದ.

"ನಿಮ್ಮಿಬ್ಬರಲ್ಲಿ ದೊಡ್ಡೋರು ಯಾರು?"

"ನಾನೇ," ಎಂದ ಸಿದ್ದರಾಜು. ಯೋಚಿಸಲೂ ಇಲ್ಲ. "ಎರಡು ವರ್ಷಕ್ಕೆ ನಾನೇ ದೊಡ್ಡೋನು. ಯಾರ್ನ ಕೇಳಿದ್ರೂ ಅಂಗೇ ಹೇಳ್ತಾರೆ."

ರವಿಚಂದ್ರನಿಗೆ ಆಶ್ಚರ್ಯವಾಯಿತು. ಸರಿಯಾಗಿ ಯೋಚನೆ ಮಾಡಿ ಹೇಳಿ, ಇದರ ಮೇಲೆ ಅಮ್ಮನವರ ಪಿಂಚಣಿ ನಿಂತಿದೆ, ಒಂದು ಸಲ ಕಳಿಸಿಬಿಟ್ಟರೆ ಆಮೇಲೆ ನನ್ನ ಕೈಲಿಲ್ಲ ಎಂದು ಬಿಡಿಸಿ ಹೇಳಿದ. ಸಿದ್ದರಾಜು ಅವನ ಮುಖವನ್ನಾಗಲಿ ಹೆಂಡತಿಯ ಮುಖವನ್ನಾಗಲಿ ನೋಡದೆ, ನಾನೇ ದೊಡ್ಡವನು ಎಂದು ಇನ್ನೊಂದು ಸಲ ಹೇಳಿದ. ಅವನ ಬಲಗೈ ತಾನಾಗಿ ಎದೆಯ ಮೇಲೆ ಹೋಗಿತ್ತು.

ದೇವಿರಮ್ಮನಿಗೆ ಆಗ ಗೊತ್ತಾಯಿತು, ಇವನಿಗೆ ಎಲ್ಲ ಗೊತ್ತಿದೆ ಎಂದು. ತಿಳಿಯದೆ ಹೇಳುವವನ ಕೈ ಎದೆಗೆ ಯಾಕೆ ಹೋಗುತ್ತದೆ? ಅವಳಿಗೆ ಕಿರುಚಬೇಕು ಅನ್ನಿಸಿತು. ಆದರೆ ಸರ್ಕಾರದವನ ಎದುರಿಗೆ ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದು ಹೇಳುವುದು ಹೇಗೆ, ಎದೆಯ ಮೇಲಿನ ಆ ಕೈ ನೋಡಿಕೊಂಡು ಹೇಳುವುದು ಹೇಗೆ? ರವಿಚಂದ್ರ ಅವಳ ಕಡೆ ತಿರುಗಿದಾಗ, "ಅವ್ರು ಹೇಳಿದ್ದೇ ಸರಿ" ಎಂದಳು. ಬೆರಳಚ್ಚಿನ ಯಂತ್ರಕ್ಕೆ ಇಬ್ಬರ ಹೆಬ್ಬೆಟ್ಟೂ ಒತ್ತಿಸಿಕೊಂಡು ಅವನು ವರದಿ ಅಲ್ಲಿಂದಲೇ ಕಳಿಸಿದ. ಹೋಗುವಾಗ ಅವನ ಮುಖ ಸಪ್ಪಗಿತ್ತು.

ಆ ಮಧ್ಯಾಹ್ನ ದೇವಿರಮ್ಮ ಗಂಡನಿಗೆ ಊಟ ಬಡಿಸಿದ್ದಲ್ಲ, ತಟ್ಟೆಯನ್ನು ಕುಕ್ಕಿದಳು. ಕುಸುಮ ಕೆಲಸಕ್ಕೆ ಹೋದ ಮೇಲೆ, ಮನೆಯಲ್ಲಿ ಇಬ್ಬರೇ ಉಳಿದಾಗ, ಅವಳು ಮಂಚದ ಎದುರಿಗೆ ಬಂದು ನಿಂತಳು.

"ನಿಮ್ಮನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದ್ದೀನಿ ನಾನು."

"ಗೊತ್ತು ಕಣೆ," ಎಂದ ಸಿದ್ದರಾಜು. ಅವ್ವ ಸಾಯುವ ಮುಂಚೆ ತನ್ನನ್ನು ಹತ್ತಿರ ಕರೆದು ಎಲ್ಲ ಹೇಳಿದ್ದಳು, ಇಬ್ಬರೂ ಬಾಯಿಬಿಡದಿದ್ದರೆ ಮಾತ್ರ ನೀನು ಉಳಿಯುತ್ತೀಯ ಎಂದಿದ್ದಳು ಎಂದ. ಕೇಳಿಸಿಕೊಂಡಾಗ ನಕ್ಕಿದ್ದನಂತೆ. ಗಟ್ಟಿಯಾಗಿದ್ದಾಗ ಎಲ್ಲರೂ ನಗುತ್ತಾರೆ. ಸ್ಟೆಂಟ್ ಹಾಕಿಸಿಕೊಂಡು ಬಂದ ದಿನದಿಂದ ಅವ್ವನ ಮಾತು ಕಿವಿಯಲ್ಲೇ ಕೂತಿದೆ, ಬಿಟ್ಟು ಹೋಗುತ್ತಿಲ್ಲ. "ಹೆದರ್ಕೆ ಆಯ್ತದೆ," ಎಂದು ತಲೆ ತಗ್ಗಿಸಿದ. ನಾಲ್ಕನೇ ಮಹಡಿಯ ಸಾರುವೆಯ ಬೊಂಬಿನ ಮೇಲೆ ಹಗ್ಗವಿಲ್ಲದೆ ಓಡಾಡಿದ ಗಂಡಸು ಅವನು.

ಬೇರೆ ದಿನವಾಗಿದ್ದರೆ ದೇವಿರಮ್ಮನ ಕರುಳು ಚುರ್ ಅನ್ನುತ್ತಿತ್ತೋ ಏನೋ. ಇವತ್ತು ಅವಳಿಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆ ಅಂದುಕೊಂಡ ಭಾರದ ಇನ್ನೊಂದು ತುದಿಯನ್ನು ಇವನು ಹಿಡಿದಿದ್ದ, ಒಂದು ದಿನವೂ ಹೇಳಲಿಲ್ಲ.

"ನಿಮ್ಮ ಜೀವ ಉಳೀಲಿ ಅಂತ ನಾನು ಬಾಯಿ ಮುಚ್ಕೊಂಡೆ," ಎಂದಳು. "ನೀವೂ ನಿಮ್ಮ ಜೀವ ಉಳೀಲಿ ಅಂತ್ಲೇ ಮುಚ್ಕೊಂಡ್ರಿ. ನನ್ನ ಮಂಡಿಗೆ ಯಾರವ್ರೆ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕಿದಳು. ಪ್ರಸಾದ್ ಬಂದಾಗ ಪಿಂಚಣಿ ಇನ್ನು ಬರುವುದಿಲ್ಲವಂತೆ ಎಂದಷ್ಟೇ ಹೇಳಿದಳು. ಅವನು ಸರ್ಕಾರವನ್ನೂ ವಿರೋಧ ಪಕ್ಷವನ್ನೂ ಸೇರಿಸಿ ಬೈದ. ಯಾರನ್ನು ಬೈದರೂ ಮಾತ್ರೆಯ ಅಂಗಡಿಯವನು ಸಾ‌ಲ ಕೊಡುವುದಿಲ್ಲ.

ಬೆಳಿಗ್ಗೆ ದೇವಿರಮ್ಮ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೊರಟಳು. ಬೀದಿ ಕೊನೆಗೆ ಬಂದು ನೋಡಿದರೆ ಸಿದ್ದರಾಜು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಹಿಂದೆಯೇ ಬರುತ್ತಿದ್ದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಇನ್ನೂ ಸಿಟ್ಟಿತ್ತು. ಬಸ್ಸಿನಲ್ಲಿ ಅವಳು ಆಧಾರ್ ತೋರಿಸಿ ದುಡ್ಡಿಲ್ಲದ ಟಿಕೆಟ್ ತೆಗೆದುಕೊಂಡಳು, ಅವನು ದುಡ್ಡು ಕೊಟ್ಟು ತೆಗೆದುಕೊಂಡ. ಬೇರೆ ಬೇರೆ ಸೀಟಿನಲ್ಲಿ ಕೂತರು. ಇಳಿದ ಮೇಲೂ ಅವನು ನಾಲ್ಕು ಮಾರು ಹಿಂದೆಯೇ ನಡೆದು, ಕಮಲಮ್ಮನವರ ಗೇಟು ದಾಟಿ ಹಿತ್ತಲಿಗೂ ಬಂದ.

ರಾತ್ರಿಯ ಕುಕ್ಕರು, ಬಾಣಲೆ, ತಟ್ಟೆ ಲೋಟ ಎಲ್ಲ ನಲ್ಲಿಯ ಕೆಳಗೆ ರಾಶಿ ಬಿದ್ದಿದ್ದವು. ದೇವಿರಮ್ಮ ಒಗೆಯುವ ಕಲ್ಲನ್ನು ಹಿಡಿದು ಬಗ್ಗುವುದರೊಳಗೆ ಸಿದ್ದರಾಜು ಪಂಚೆ ಎತ್ತಿಕಟ್ಟಿ ಪಾತ್ರೆಗಳ ಮುಂದೆ ಕೂತುಬಿಟ್ಟ. ಅವಳ ಕೈಯಿಂದ ತೆಂಗಿನ ನಾರು ತೆಗೆದುಕೊಂಡ. ತಿಕ್ಕುವುದು ಅವನಿಗೆ ಬರುತ್ತಿರಲಿಲ್ಲ, ಗೋಡೆಗೆ ಗಾರೆ ಮೆತ್ತುವ ಹಾಗೆ ಬಾಣಲೆಗೆ ಸೋಪಿನ ಪುಡಿ ಮೆತ್ತಿದ.

ಸದ್ದು ಕೇಳಿ ಕಮಲಮ್ಮ ಹಿಂಬಾಗಿಲಿಗೆ ಬಂದರು, ಗಾಬರಿಯಾದರು. "ಇದೇನ್ರೀ ಸಿದ್ದರಾಜು, ಎದೆಗೆ ಆಪರೇಷನ್ ಆದೋರು ನೀವು. ಏಳಿ. ಅವಳು ಮಾಡ್ತಾಳೆ, ನಿಮಗಿಂತ ಚಿಕ್ಕೋಳು."

ಸಿದ್ದರಾಜುವಿನ ಕೈ ನಿಂತಿತು. ನಲ್ಲಿ ಮಾತ್ರ ಸುರಿಯುತ್ತಿತ್ತು. ದೇವಿರಮ್ಮ ಕಣ್ಣಿನಲ್ಲೇ ಬೇಡ ಎಂದಳು. ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹಳೇ ದಿಗಿಲೊಂದೇ ಉಳಿಯಿತು.

"ಇಲ್ಲ ಅಮ್ಮಾವ್ರೆ," ಎಂದ ಅವನು. "ನನಗಿಂತ ಎರಡು ವರ್ಷ ದೊಡ್ಡೋಳು."

ಹೇಳಿ ಒಂದು ಗಳಿಗೆ ಉಸಿರು ಬಿಗಿಹಿಡಿದು ಕೂತ, ಏನಾಗುತ್ತದೋ ನೋಡೋಣ ಅನ್ನುವ ಹಾಗೆ. ಕಮಲಮ್ಮ ಏನೂ ಅರ್ಥವಾಗದೆ ಇಬ್ಬರನ್ನೂ ನೋಡುತ್ತಾ ನಿಂತರು. ಸಿದ್ದರಾಜು ಮೆಲ್ಲಗೆ ಉಸಿರು ಬಿಟ್ಟು ಮತ್ತೆ ಬಾಣಲೆಗೆ ಕೈ ಹಾಕಿದ.

"ಸರ್ಕಾರದೋರು ನಿಂಗೆ ಅರವತ್ತೈದು ಅನ್ನೋಗಂಟ ನಾನು ತಿಕ್ತೀನಿ," ಎಂದ, ಹೆಂಡತಿಯ ಕಡೆ ತಿರುಗದೆ. "ದೊಡ್ಡೋಳು ನೀನು. ಕೂತ್ಕೋ."

ದೇವಿರಮ್ಮ ಅವನ ಎದೆಯ ಮೇಲೆ ಇಟ್ಟ ಕಣ್ಣು ತೆಗೆಯದೆ ಒಗೆಯುವ ಕಲ್ಲಿನ ಮೇಲೆ ಕೂತಳು.